ಸಿಟ್ಟಿನ ತಾಲೀಮು

“ತಂಗೆವ್ವಾ, ಮೊದ್ಲ ನೀರ್ ಕುಡಿ,” ಎಂದು ಹೆಡ್ ಮಾಸ್ತರು ಕುಬೇರಪ್ಪ ಗ್ಲಾಸನ್ನು ಮುಂದೆ ಸರಿಸಿದರು. ಗಾಳೆಮ್ಮ ಟೇಬಲ್ಲು ಗುದ್ದಿ ಕೇಳಿದ್ದು ನೀರನ್ನಲ್ಲ, ಮಗಳು ಭವಾನಿಯ ಟಿ.ಸಿ.ಯನ್ನು. ಹತ್ತನೆಯ ತರಗತಿಯಲ್ಲಿ ಶಾಲೆಗೇ ಮೊದಲು ಬಂದ ಹುಡುಗಿ. ತಮ್ಮದೇ ಸಂಸ್ಥೆಯ ಕಾಲೇಜಿಗೆ ಸೇರಲೆಂದು ಮಾಸ್ತರು ಟಿ.ಸಿ. ಕೊಡದೆ ಹಿಡಿದಿಟ್ಟಿದ್ದರು. ಕುಷ್ಟಗಿಯ ಸರ್ಕಾರಿ ಕಾಲೇಜಿನಲ್ಲಿ ವಿಜ್ಞಾನಕ್ಕೆ ಸೇರಲು ನಾಳೆಯೇ ಕಡೆಯ ದಿನ.

“ಹಿಂಗ ಒದರ್ಯಾಡಿದ್ರ ಬಿ.ಪಿ. ಏರತೈತಿ. ಮನ್ಯಾಗ ಜಗಳಾಡಿ ಬಂದಿಯೇನು?”

ಗುಮಾಸ್ತ ನಕ್ಕ.

ತಾವರಗೇರಾದ ಪೇಟೆ ದಾಟಿ ಮನೆಗೆ ಬಂದವಳೇ ಗಾಳೆಮ್ಮ ಗಂಡನನ್ನು ಕುರಿದೊಡ್ಡಿಯಲ್ಲಿ ನಿಲ್ಲಿಸಿದಳು. ಕಳಕಪ್ಪ ಜನ್ಮದಲ್ಲಿ ಟಗರಿಗೂ ಗದರಿದವನಲ್ಲ.

“ಹುಬ್ಬು ಗಂಟ್ ಹಾಕ್ರಿ. ‘ಕೊಡ್ತೀರೋ ಇಲ್ಲೋ’ ಅನ್ರಿ. ಆಮ್ಯಾಲ ಗುದ್ರಿ.”

“ಕೊಡ್ತೀರೇನ್ರಿ, ಯಪ್ಪಾ...”

“ಭಿಕ್ಷಾ ಬೇಡಾಕ ಹೊಂಟಿಲ್ರಿ ನೀವು!”

“ನನಗೂ ನೀರ್ ಕುಡಿ ಅಂದ್ರ?”

“ಗಂಡಸರಿಗೆ ಹಂಗ ಅನ್ನೂದಿಲ್ರಿ.”

ಮೇವಿನ ಗೋದಲಿಯನ್ನು ಮತ್ತೆ ಮತ್ತೆ ಗುದ್ದಿಸಿದಳು. ಹತ್ತನೆಯ ಗುದ್ದಿಗೆ ಕುರಿಗಳು ಮೇವು ಬಿಟ್ಟು ತಲೆಯೆತ್ತಿದವು. ಸಾಕು ಎಂದಳು.

ಮಧ್ಯಾಹ್ನ ಅದೇ ಟೇಬಲ್ಲು, ಅದೇ ಮಾತು, ಅದೇ ಗುದ್ದು. ಕಿಟಕಿಯಾಚೆ ನಿಂತು ಗಾಳೆಮ್ಮ ನೋಡಿದಳು. ಗುಮಾಸ್ತ ಎದ್ದು ಕುರ್ಚಿ ಕೊಟ್ಟ. ಚಹಾ ಬಂತು. ಸಹಿಯೂ ಬಿತ್ತು.

“ನಿಮ್ಮಂಥಾ ಖಡಕ್ ಮಂದಿ ಮೊದ್ಲ ಬಂದಿದ್ರ ಮುಂಜಾನೇನ ಮುಗೀತಿತ್ರಿ ಯಜಮಾನ್ರ,” ಎಂದರು ಮಾಸ್ತರು. “ಆದ್ರೂ ಹೆಣ್ಣುಡುಗಿ, ದಿನಾ ಬಸ್ಸಿನ್ಯಾಗ... ಮನಿ ಹಿರೇರು, ನೀವ ವಿಚಾರ ಮಾಡ್ರಿ.”

ಕಳಕಪ್ಪ ಚಹಾವನ್ನು ಬಸಿಗೆ ಹುಯ್ದುಕೊಂಡು, ವಿಚಾರ ಮಾಡುತ್ತ ಕುಡಿದ.

ಸಂಜೆ ಭವಾನಿ ನಾಳೆಗೆಂದು ಚೂಡಿದಾರಕ್ಕೆ ಇಸ್ತ್ರಿ ಹಾಕುತ್ತಿದ್ದಳು. “ಮುಂಜಾನಿ ಏಳರ ಬಸ್ಸಿಗೆ ಆಕೀನ ಕರ್ಕೊಂಡು ಹೋಗ್ರಿ,” ಎಂದಳು ಗಾಳೆಮ್ಮ.

“ಯಾರೂ ಎಲ್ಲೀಗೂ ಹೋಗೂದಿಲ್ಲ.” ಕಳಕಪ್ಪನ ಹುಬ್ಬು ಗಂಟಿಕ್ಕಿದ್ದವು. “ಇಲ್ಲೇ ಕಾಲೇಜಿಲ್ಲೇನು?” ಪಕ್ಕದ ಟ್ರಂಕಿನ ಮೇಲೆ ಗುದ್ದಿದ. ಗುದ್ದು ಎಲ್ಲೂ ತಪ್ಪಿರಲಿಲ್ಲ. ಕಲಿಸಿದವಳಿಗೆ ಅದು ಗೊತ್ತಾಯಿತು. ಟಿ.ಸಿ. ಅವನ ಎದೆಯ ಜೇಬಿನಲ್ಲಿತ್ತು. ಭವಾನಿಯ ಕೈ ಇಸ್ತ್ರಿಪೆಟ್ಟಿಗೆಯ ಮೇಲೇ ನಿಂತಿತು.

ಗಾಳೆಮ್ಮನ ದನಿ ಓಣಿಯ ಕೊನೆಯ ಮನೆಗೂ ಕೇಳಿತು. ಓದಿದ್ದು ಯಾರು, ದುಡಿದದ್ದು ಯಾರು, ಆ ಕಾಗದಕ್ಕೆ ಬೆಳಿಗ್ಗೆಯಿಂದ ಅಲೆದದ್ದು ಯಾರು ಎಂದು ಒಂದೊಂದಾಗಿ ಕೇಳಿದಳು. ಉಸಿರು ಕಟ್ಟಿದಾಗ ನಿಲ್ಲಿಸಿದಳು.

ಕಳಕಪ್ಪ ತಂಬಿಗೆಯನ್ನು ಅವಳತ್ತ ಸರಿಸಿದ. ಅವನ ದನಿ ಮತ್ತೆ ಮೊದಲಿನಂತೆ ಮೆತ್ತಗಾಗಿತ್ತು.

“ಮೊದ್ಲ ನೀರ್ ಕುಡಿ,” ಎಂದ.