ಹೆಣ ನಕ್ಕ ಹತ್ತು ಸೆಕೆಂಡು

"ಕಟ್" ಎಂದು ರಘು ಎರಡು ಸಲ ಹೇಳಿದರೂ ಹೆಣ ಏಳಲಿಲ್ಲ.

"ಕ್ಯಾಮೆರಾ ಆಫ್ ಮಾಡ್ಬ್ಯಾಡಿ ಕಣ್ರಪ್ಪಾ," ಎಂದಿತು ಗ್ಯಾರೇಜಿನ ಸ್ಟೀಲು ಟೇಬಲಿನ ಮೇಲೆ ಬಿಳಿ ಬಟ್ಟೆ ಹೊದ್ದು ಮಲಗಿದ್ದ ಹೆಣ. "ನಾನಿನ್ನೂ ನಕ್ಕಿಲ್ಲ."

ಹೆಣದ ಹೆಸರು ಮರಿತಾಯಮ್ಮ. ರಘುವಿನ ಅತ್ತೆ. ಮಗಳು ಲಾಸ್ಯಾಳ ಮನೆಗೆಂದು ಮಂಡ್ಯದಿಂದ ಅಮೆರಿಕಕ್ಕೆ ಬಂದು ಮೂರು ತಿಂಗಳಾಗಿತ್ತು. ಊರ ಕಡೆ ಟೀವಿ ಧಾರಾವಾಹಿಗಳಲ್ಲಿ ಅಜ್ಜಿಯ ಪಾತ್ರ ಮಾಡುತ್ತಿದ್ದವರು. ಐದು ಧಾರಾವಾಹಿಗಳಲ್ಲಿ ಸತ್ತ ಅನುಭವ ಅವರಿಗಿತ್ತು. ಹೆಣವಾದವರು ಎದ್ದ ಕೂಡಲೇ ಕ್ಯಾಮೆರಾ ನೋಡಿ ನಕ್ಕುಬಿಡಬೇಕು, ಇಲ್ಲದಿದ್ದರೆ ಕ್ಯಾಮೆರಾದೊಳಗೆ ಸತ್ತದ್ದು ಹೊರಗೂ ನಿಜವಾಗಿಬಿಡುತ್ತದೆ ಎನ್ನುವುದು ಅಲ್ಲಿನ ಶೂಟಿಂಗುಗಳ ಪದ್ಧತಿ.

"ಅತ್ತೆ, ಇದು ಜಪಾನಿನ ಕಥೆ. ಇದ್ರಲ್ಲಿ ಯಾರೂ ನಗಲ್ಲ."

"ಕತೆ ಜಪಾನಿಂದಾದ್ರೆ ಆಗ್ಲಿ. ಸತ್ತಿರೋಳು ನಾನು."

"ಹತ್ತು ಸೆಕೆಂಡು ಬಿಡು ರಘು, ಆಮೇಲೆ ಟ್ರಿಮ್ ಮಾಡಿದ್ರಾಯ್ತು," ಎಂದಳು ಕ್ಯಾಮೆರಾದ ಹಿಂದಿದ್ದ ಲಾಸ್ಯಾ. ಮರಿತಾಯಮ್ಮ ಎದ್ದು ಕೂತರು. ಹೊದಿಕೆಯನ್ನು ಸೆರಗಿನಂತೆ ಹೆಗಲಿಗೆಳೆದುಕೊಂಡು, ನೇರ ಕ್ಯಾಮೆರಾವನ್ನೇ ನೋಡುತ್ತ ಬಾಯಿ ತುಂಬ ನಕ್ಕರು. ಮುಖಕ್ಕೆ ಬಳಿದಿದ್ದ ಬೂದು ಬಣ್ಣ ಕೆನ್ನೆಯ ಬಳಿ ಬಿರಿಯಿತು.

ಮಾಂಗಾ ಎಂಬ ಜಪಾನಿನ ಚಿತ್ರಕಥೆ ಪುಸ್ತಕಗಳನ್ನು ನಟರನ್ನಿಟ್ಟುಕೊಂಡು ಸಿನಿಮಾ ಮಾಡಿದವರೆಲ್ಲ ಕೆಡಿಸಿಯೇ ಇದ್ದಾರೆ ಎಂಬುದು ರಘುವಿನ ಸಿದ್ಧಾಂತ. ಹತ್ತು ವರ್ಷಗಳಿಂದ ಆನ್‌ಲೈನಿನಲ್ಲಿ ಅವರನ್ನೆಲ್ಲ ಬೈದುಕೊಂಡು ಬಂದಿದ್ದ. ಮೂಲದ ಒಂದು ಗೆರೆ ಬದಲಾದರೂ ಅವನ ಲೆಕ್ಕದಲ್ಲಿ ದ್ರೋಹ. ಅವನು ಪ್ರಾಣ ಬಿಡುತ್ತಿದ್ದ ಮಾಂಗಾದಲ್ಲಿ, ಪೊಲೀಸರು ಕೈಚೆಲ್ಲಿದ ಕೊಲೆಗಳನ್ನು ಮಾಡಿದವರು ಯಾರೆಂದು ಶವಾಗಾರದ ಮುದುಕಿಯ ಹೆಣವೊಂದು ಹೇಳುತ್ತದೆ. ಹೇಳಿದ ಹೆಸರಿಗೊಂದರಂತೆ, ಕೇಳಿದವನ ಆಯುಷ್ಯದಿಂದ ವರ್ಷ ಕಳೆಯುತ್ತದೆ. ಅದನ್ನು ಸಿನಿಮಾ ಮಾಡಲು ಅನುಮತಿ ಕೇಳಿ ರಘು ನಾಲ್ಕು ವರ್ಷ ಪತ್ರ ಬರೆದ ಮೇಲೆ, ಅದರ ಕಲಾವಿದ ಮೂರು ನಿಮಿಷದ ಮಾದರಿ ದೃಶ್ಯವೊಂದನ್ನು ಕಳಿಸಲು ಹೇಳಿದ್ದ. ಹಿಡಿಸಿದರೆ ಸರಿ, ಹಿಡಿಸದಿದ್ದರೆ ಇನ್ನು ಪತ್ರ ಬರೆಯಬೇಡಿ ಎಂದೂ ಸೇರಿಸಿದ್ದ. ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ತನ್ನ ಲ್ಯಾಬು ಎಸೆಯಲಿದ್ದ ಟೇಬಲನ್ನು ರಘು ಹೊತ್ತು ತಂದದ್ದು ಅದಕ್ಕೇ. ಹೆಣದ ಹೊದಿಕೆಯ ನೆರಿಗೆಗಳನ್ನೂ ಅವನು ಪುಸ್ತಕ ನೋಡಿಕೊಂಡೇ ಹಿಡಿದಿದ್ದ.

ಭಾನುವಾರ ನಗುವನ್ನು ಕತ್ತರಿಸಿ ದೃಶ್ಯ ಕಳಿಸಿದ. ಸೋಮವಾರ ನೋಡಿದರೆ ಕತ್ತರಿಸಿದ ಫೈಲು ಲ್ಯಾಪ್‌ಟಾಪಿನಲ್ಲೇ ಇತ್ತು, ನಗುವಿದ್ದ ಫೈಲು ಜಪಾನು ತಲುಪಿತ್ತು. ಅಂದಿನಿಂದ ನಾಲ್ಕು ದಿನ ರಘು ಅತ್ತೆ ಬಡಿಸಿದ್ದನ್ನು ತಲೆಯೆತ್ತದೆ ತಿಂದ.

ಶುಕ್ರವಾರ ಉತ್ತರ ಬಂತು. "ಮೊದಲ ಮೂರು ನಿಮಿಷ ನನ್ನ ಚಿತ್ರಗಳ ನಕಲು. ಅವನ್ನು ಬರೆದವನು ನಾನೇ, ಮತ್ತೆ ನೋಡುವುದೇನಿದೆ? ಕೊನೆಯ ಹತ್ತು ಸೆಕೆಂಡು ಮಾತ್ರ ನಿಮ್ಮದು. ಸತ್ತವಳು ಅಷ್ಟು ನಿಶ್ಚಿಂತೆಯಿಂದ ನಗುವುದು ನನಗೆ ಮೂವತ್ತು ವರ್ಷ ಹೊಳೆದಿರಲಿಲ್ಲ. ಆ ನಗು ಇಡೀ ಸಿನಿಮಾದಲ್ಲಿ ಇರುವುದಾದರೆ ಅನುಮತಿ ಇದೆ."

ರಘು ಅದನ್ನು ಮೂರು ಸಲ ಓದಿದ. ಹತ್ತು ನಿಮಿಷ ಕಳೆಯುವುದರೊಳಗೆ ಲಾಸ್ ಆಲ್ಟೋಸ್‌ನ ಗೆಳೆಯ ಸುಘೋಷ್‌ಗೆ ಫೋನಿನಲ್ಲಿ ಹೇಳುತ್ತಿದ್ದ: "ಅದು ಕಾನ್ಶಿಯಸ್ ಡಿಸಿಷನ್ನು ಕಣೋ. ಮೂಲಕ್ಕೆ ಗುಲಾಮ ಆಗ್ಬಾರ್ದು ನೋಡು."

"ಹೌದಾ," ಎಂದಳು ಪಕ್ಕದಲ್ಲಿ ಕೂತಿದ್ದ ಲಾಸ್ಯಾ, ಯಾರಿಗೂ ಅಲ್ಲದಂತೆ.

ಮರಿತಾಯಮ್ಮ ಅಡುಗೆಮನೆಯಲ್ಲಿ ನೆನೆಸಿದ ಅವರೆಕಾಳು ಹಿಸುಕುತ್ತಿದ್ದರು. ರಘು ಎದುರಿನ ಕುರ್ಚಿ ಎಳೆದುಕೊಂಡು ಕೂತ.

"ಅತ್ತೆ, ಸಿನಿಮಾ ಆಗುತ್ತೆ. ಹೀರೋಯಿನ್ನು ನೀವೇ. ಒಂದೊಂದು ಕೊಲೆ ಬಂದಾಗ್ಲೂ ಅವತ್ತಿನ ಹಾಗೆ ನಗ್ಬೇಕು, ಅಷ್ಟೆ."

"ಸಾಯಿ ಅಂದ್ರೆ ಇನ್ನೂ ಹತ್ತು ಸಲ ಸಾಯ್ತೀನಿ. ಆ ನಗು ಕೊಡಕ್ಕಾಗಕ್ಕಿಲ್ಲ."

"ಯಾಕೆ? ಅವತ್ತು ನೀವೇ ಹಟ ಮಾಡಿ ನಕ್ರಲ್ಲ."

"ಅದು ಹೆಣ ನಕ್ಕಿದ್ದಲ್ಲ ಕಣ್ರಪ್ಪಾ, ನಾನು ನಕ್ಕಿದ್ದು. ಅದ್ನೂ ಹೆಣದ ಪಾಲಿಗೇ ಹಾಕ್ಬುಟ್ರೆ, ನಾನು ಬದುಕಿವ್ನಿ ಅಂತ ಹೆಂಗೆ ತೋರ್ಸ್ಲಿ?"

ರಘು ದೆವ್ವ ದೇವರುಗಳನ್ನು ನಂಬುವವನಲ್ಲ. ಆದರೆ ನಾಲ್ಕು ವರ್ಷದ ಪತ್ರಗಳು ಕಣ್ಣ ಮುಂದೆ ಬಂದವು. ಚೌಕಾಸಿಗೆ ಇಳಿದ.

"ಹಂಗಾದ್ರೆ ಎರಡು ಸಲ ನಗಿ ಅತ್ತೆ. ಮೊದಲನೇದು ಸಿನಿಮಾಕ್ಕೆ, ಎರಡನೇದು ನಿಮಗೆ. ಎರಡನೇದನ್ನ ನಾನು ಮುಟ್ಟೋದೇ ಇಲ್ಲ, ಪ್ರಾಮಿಸ್."

ಮರಿತಾಯಮ್ಮನ ಬೆರಳಿನಿಂದ ಒಂದು ಅವರೆಕಾಳು ಸಿಪ್ಪೆ ಬಿಟ್ಟು ಪಾತ್ರೆಗೆ ಹಾರಿತು. ಅವರು ತಲೆಯೆತ್ತಿ ಅಳಿಯನ ಮುಖ ನೋಡಿದರು.

"ಆ ಎರಡನೇದು ಜಪಾನಿನವ್ರಿಗೆ ಇನ್ನೂ ಚೆಂದಾಗಿ ಕಂಡ್ರೆ?"