ಹನ್ನೆರಡು ಎಕರೆ ಲಗತ್ತಿಸಿದೆ

ಅಮೆರಿಕದ ಆ ವಸಾಹತಿನಲ್ಲಿ ಹಕ್ಕುಪತ್ರ ಬೇಕೆಂದವರ ಜಮೀನನ್ನೇ ಚಾಪೆಯಂತೆ ಸುತ್ತಿ, ಅರ್ಜಿಗೆ ಲಗತ್ತಿಸಿ, ಹಡಗಿನಲ್ಲಿ ಇಂಗ್ಲೆಂಡಿಗೆ ಕಳಿಸುವುದು ರೂಢಿ. ಪ್ರುಡೆನ್ಸಳ ಹನ್ನೆರಡು ಎಕರೆ ಹೋಗಿ ಹತ್ತು ತಿಂಗಳಾಗಿತ್ತು. ಸುತ್ತುವವರು ಬಂದಾಗ ಉಳುತ್ತಿದ್ದ ಗಂಡ ಎಜ್ರಾ, ಇವಳು ಕೂಗುವಷ್ಟರಲ್ಲಿ ಸುರುಳಿಯೊಳಗೇ ಸೇರಿಹೋಗಿದ್ದ.

"ಉತ್ತರ ಬಂತಮ್ಮಾ," ಎಂದ ಗುಮಾಸ್ತ ಹಾಬ್ಸನ್, ಮೂಗಿನಲ್ಲೇ ದೊರೆಯ ದನಿ ತೆಗೆದು ಓದಿದ. "'ಅರ್ಜಿಯನ್ನು ಕೃಪೆಯಿಟ್ಟು ಪರಿಶೀಲಿಸಿದ್ದೇವೆ. ಆರು ಎಕರೆ ಮಂಜೂರಾಗಿದೆ. ಉಳಿದ ಆರನ್ನು ಕಡತದಲ್ಲಿ ಇಟ್ಟುಕೊಂಡಿದ್ದೇವೆ.' ನಿಮ್ಮ ಅದೃಷ್ಟ ದೊಡ್ಡದು. ಪಕ್ಕದವರಿಗೆ ಬಂದಿದ್ದು ಬರೀ ಬೇಲಿ."

"ನಮ್ಮ ಯಜಮಾನ್ರು ಯಾವ ಆರರಲ್ಲಿದ್ದಾರೆ ಸ್ವಾಮಿ?"

ಹಾಬ್ಸನ್ ಕಾಗದ ತಿರುಗಿಸಿ ನೋಡಿದ. "ಜಮೀನಿನ ವಿಷಯ ಮಾತ್ರ ಬರೆದಿದ್ದಾರೆ. ಮನುಷ್ಯರ ಇಲಾಖೆ ಬೇರೆ. ಕೇಳಿ ಬರೆಯೋಣ ಬಿಡಿ, ಹತ್ತು ತಿಂಗಳಲ್ಲಿ ಉತ್ತರ ಬರುತ್ತೆ."

ಅವಳು ಕಾಗದದ ಜೊತೆ ವಾಪಸು ಬಂದಿದ್ದ ಆರು ಎಕರೆಯ ಸುರುಳಿ ಹೊತ್ತು ತಂದು, ಹೊಲವಿದ್ದ ಜಾಗದ ಹೊಂಡದಲ್ಲಿ ಬಿಚ್ಚಿ ಹಾಸಿದಳು. ಉತ್ತ ಮಣ್ಣು ಇನ್ನೂ ಹಸಿಯಾಗಿತ್ತು. ನೇಗಿಲ ಸಾಲಿನ ಪಕ್ಕದಲ್ಲಿ ಎಜ್ರಾನ ಹೆಜ್ಜೆಗಳು ಕತ್ತರಿಸಿದ ಅಂಚಿನವರೆಗೂ ಹೋಗಿದ್ದವು. ಕೊನೆಯ ಹೆಜ್ಜೆಯಲ್ಲಿ ಹಿಮ್ಮಡಿ ಮಾತ್ರ ಇತ್ತು.