ಖಾಲಿ ಕೊಕ್ಕೆ

“ಮೊದಲು ಆ ದೀಪ ಇಳಿಸಿ” ಎಂದ ದಲ್ಲಾಳಿ ಶೌಖಿ.

ಏಕೆಂದು ಇನ್ಶಿರಾ ಕೇಳಲಿಲ್ಲ. ತೀರಿಹೋದ ಗಂಡ ತಂದ ಹಿತ್ತಾಳೆಯ ತೂಗುದೀಪ ಅದು. ಸರಪಳಿಯಲ್ಲಿ ನೆಟ್ಟಗೆ ಇಳಿಬಿದ್ದಿತ್ತು. ಪಕ್ಕದ ಗೋಡೆ ನೆಟ್ಟಗಿರಲಿಲ್ಲ. ಅಲೆಕ್ಸಾಂಡ್ರಿಯಾದ ಆ ಒಂಬತ್ತು ಮಹಡಿಯ ಕಟ್ಟಡ ವರ್ಷದಿಂದ ವರ್ಷಕ್ಕೆ ಬೀದಿಯ ಕಡೆ ವಾಲುತ್ತಿತ್ತು. ಅವಳು ಈ ಮನೆ ಕೊಳ್ಳುವಾಗಲೂ ಚಾವಣಿಯ ಕೊಕ್ಕೆ ಖಾಲಿಯೇ ಇತ್ತು. ದೀಪ ತೂಗುಹಾಕಿದ ದಿನವೇ ತಾನು ಮೋಸ ಹೋದದ್ದು ತಿಳಿಯಿತು.

ಹೋದ ಚಳಿಗಾಲದಲ್ಲಿ ಹಿಂದಿನ ಬೀದಿಯ ಇಂಥದ್ದೇ ಕಟ್ಟಡ ಕುಸಿದಿತ್ತು. ಈ ಚಳಿಗಾಲಕ್ಕೆ ಮುಂಚೆ ಮಾರಿ ಹೊರಬೀಳಬೇಕು. ಆದರೆ ನೋಡಲು ಬಂದವರೆಲ್ಲ ಮೆಟ್ಟಿಲಲ್ಲೇ ಬೆನ್ನು ತಿರುಗಿಸಿದ್ದರು. ಇನ್ನು ಫೋಟೋ ನೋಡಿಯೇ ಕೊಳ್ಳುವವರು ಸಿಗಬೇಕು.

ಕುವೈತ್‌ನಲ್ಲಿ ದಾದಿಯಾಗಿದ್ದ ಮಗಳು ರಗ್ದಾ ಈ ಮನೆಯನ್ನು ನೋಡಿಯೇ ಇರಲಿಲ್ಲ. ಅವಳು ಹೋದ ಮೇಲೆ ಕೊಂಡದ್ದು. ಫೋನಿನಲ್ಲಿ ಇನ್ಶಿರಾ ಮುಖವನ್ನಷ್ಟೇ ತೋರಿಸುತ್ತಿದ್ದಳು. ಈ ಮನೆ ನನಗೆ ಒಗ್ಗಲಿಲ್ಲ ಎಂದದ್ದು ಬಿಟ್ಟರೆ ಬೇರೇನೂ ಹೇಳಿರಲಿಲ್ಲ. ನಿಜ ಹೇಳಿದರೆ ಮಗಳು ಕೆಲಸ ಬಿಟ್ಟು ಓಡಿಬರುತ್ತಾಳೆಂಬ ಹೆದರಿಕೆ.

ಶೌಖಿ ಪಳಗಿದ ಕೈ. ಬಾಡಿಗೆಯ ಹಳದಿ ಸೋಫಾ ತರಿಸಿದ. ಬಿರುಕಿನ ಮೇಲೆ ಪರದೆ ಎಳೆದ. ಮೇಜಿನ ಕಾಲಡಿಯ ರಟ್ಟಿನ ಚೂರುಗಳು ಕಾಣದಂತೆ ಬಟ್ಟೆ ಹೊದಿಸಿದ. ಆಮೇಲೆ ಫೋನನ್ನು ಕಟ್ಟಡದಷ್ಟೇ ವಾಲಿಸಿ ಹಿಡಿದು ಫೋಟೋ ತೆಗೆದ. ಫೋಟೋದಲ್ಲಿ ಗೋಡೆ ನೆಟ್ಟಗಾಯಿತು. ಸಮುದ್ರಕ್ಕೆ ಎರಡೇ ನಿಮಿಷ ಎಂದು ಜಾಹೀರಾತು ಹಾಕಿದ. ಮನೆ ನಂಬರು, ಬೀದಿ ಯಾವುದನ್ನೂ ಬರೆಯಲಿಲ್ಲ. ಕ್ರಯಪತ್ರವಾಗುವ ತನಕ ಕೊಳ್ಳುವವರನ್ನೂ ಮಾರುವವರನ್ನೂ ಮುಖಾಮುಖಿ ಮಾಡಿದರೆ ದಲ್ಲಾಳಿಯ ಹೊಟ್ಟೆಯ ಮೇಲೆ ತಣ್ಣೀರು ಬಟ್ಟೆಯೇ ಗತಿ.

ವಾರದೊಳಗೆ ಒಂದು ಮೀನು ಗಾಳಕ್ಕೆ ಬಿತ್ತು. ಇನ್ಶಿರಾ ಶೌಖಿಯನ್ನು ಕೇಳಿದಳು:

“ಅವರಿಗೆ ಮಕ್ಕಳಿದ್ದಾರಾ?”

“ಹೆಸರನ್ನೂ ಕೇಳ್ಬೇಡಿ, ಅಮ್ಮಾ. ಗೊತ್ತಾದ್ರೆ ನಿದ್ದೆ ಬರಲ್ಲ.”

ಅವಳು ಕೇಳಲಿಲ್ಲ. ಯಾರದೋ ಮನೆಯ ಮಕ್ಕಳನ್ನು ಈ ಗೋಡೆಗಳ ಕೆಳಗೆ ಮಲಗಿಸುತ್ತಿದ್ದೇನೆ ಎಂದು ಗೊತ್ತಿದ್ದೇ ಮುಂಗಡ ತೆಗೆದುಕೊಂಡಳು. ನಾಚಿಕೆಯಾಯಿತು, ಆದರೆ ಹಣ ವಾಪಸು ಕೊಡಲಿಲ್ಲ. ಶೌಖಿ ಸೋಫಾ ಹೊರಿಸಿಕೊಂಡು ಹೋದ ಮೇಲೆ ದೀಪವನ್ನು ಮತ್ತೆ ತೂಗುಹಾಕಿದಳು. ದೀಪಕ್ಕೂ ಗೋಡೆಗೂ ನಡುವಿನ ಸಂದು ಹೋದ ತಿಂಗಳಿಗಿಂತ ಅಗಲವಾಗಿತ್ತು.

ಅಷ್ಟರಲ್ಲಿ ರಗ್ದಾಳ ಕರೆ ಬಂತು. ಅವಳ ದನಿಯಲ್ಲಿ ಎಂದೂ ಇಲ್ಲದ ಸಡಗರ.

“ಅಮ್ಮ, ಕೂತ್ಕೋ. ಆ ಮನೆ ಒಗ್ಗಲಿಲ್ಲ ಅಂದಿದ್ದೆ ಅಲ್ವಾ? ಕೂಡಿಟ್ಟಿದ್ದೆಲ್ಲ ಹಾಕಿ ನಿನಗೊಂದು ಮನೆ ಗೊತ್ತು ಮಾಡಿದ್ದೀನಿ. ಸಮುದ್ರಕ್ಕೆ ಎರಡೇ ನಿಮಿಷ. ಫೋಟೋ ಕಳಿಸ್ತೀನಿ, ನೋಡು.”

ಇನ್ಶಿರಾ ಕುಳಿತಲ್ಲೇ ತಲೆ ಎತ್ತಿದಳು.

“ಹಜಾರದ ಚಾವಣಿಯಲ್ಲಿ ಒಂದು ಕೊಕ್ಕೆ ಖಾಲಿ ಇದೆ ಅಮ್ಮ, ಅಪ್ಪನ ದೀಪ ಅಲ್ಲೇ ತೂಗುಹಾಕೋಣ.”